ಅಕ್ಕಿಯ ಬ್ರೆಡ್ಡು ಮತ್ತು ಆಚೆಮನೆಯ ಬೀಗದ ಕೈ

"ಹೆಣ್ಣು ಮಗು" ಎಂದು ನರ್ಸಮ್ಮ ಸ್ವರ ತಗ್ಗಿಸಿ ಹೇಳಿದಳು, ಸಮಾಧಾನ ಮಾಡುವವಳ ಹಾಗೆ. ನಾನು ಅವಳನ್ನೇ ತಬ್ಬಿಕೊಂಡೆ. "ಮೆಲ್ಲಗೆ ಅಮ್ಮ, ಕೈಯಲ್ಲಿ ಟ್ರೇ ಇದೆ" ಎಂದಳು. ಆಕೆ ಘಟ್ಟದ ಮೇಲಿನವಳು, ನಮ್ಮ ಲೆಕ್ಕ ಆಕೆಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮನೆತನ ನಡೆಯುವುದು ಹೆಂಗಸರ ಮೂಲಕ. ನನ್ನ ಇಬ್ಬರು ಗಂಡುಮಕ್ಕಳಿಗೆ ಮಕ್ಕಳಾಗಿದ್ದವು, ಅವು ಅವರವರ ತಾಯಿಯ ಮನೆಗೆ ಸೇರಿದವು. ಒಬ್ಬಳೇ ಮಗಳಿಗೆ ಒಂದು ಹೆಣ್ಣು ಹುಟ್ಟದಿದ್ದರೆ ನಮ್ಮ ಮನೆ ಅಲ್ಲಿಗೆ ನಿಲ್ಲುತ್ತಿತ್ತು. ಈಗ ಹುಟ್ಟಿತಲ್ಲ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು ನಾನು ಒಬ್ಬಳೇ ನಕ್ಕದ್ದನ್ನು ನೋಡಿ ಯಾರೋ ನೀರು ತಂದುಕೊಟ್ಟರು, ತಲೆ ತಿರುಗಿರಬೇಕೆಂದು.

ಎಂಬತ್ತರ ದಶಕದ ಆರಂಭದ ಮಾತು ಇದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಯಲ್ಲಿ ಆಡುವುದು ತುಳು, ಬರೆಯಲು ಬರುವುದು ಕನ್ನಡ ಮಾತ್ರ. ಅದೂ ಒಂದು ಅಕ್ಷರ ಹಿಂದೆ ಒಂದು ಮುಂದೆ. ಆದರೂ ಆ ಹುಡುಗಿಯ ವಿಷಯ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ. ಅವಳ ಕಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು, ನಗುವಾಗ ಮೂಗು ಮೊದಲು ನಗುತ್ತಿತ್ತು, ಇದನ್ನೆಲ್ಲ ಬರೆದರೆ ಬ್ರೆಡ್ಡಿನ ಕಥೆ ಹಿಂದೆ ಉಳಿಯುತ್ತದೆ. ಬ್ರೆಡ್ಡಿನ ಕಥೆಯನ್ನೇ ಹೇಳುತ್ತೇನೆ.

ಮೊಲೆಹಾಲು ಬಿಡಿಸಿದ ಮೇಲೆ ಮಗು ಸೊರಗತೊಡಗಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತೆಂಬರೆ ವಾದ್ಯದ ಚರ್ಮದ ಹಾಗೆ ಬಿಗಿ. ತಿಂದದ್ದು ಮೈಗೆ ಹತ್ತದೆ ಹೊರಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿಸಿದೆವು. ನಮ್ಮ ಊರಿನಲ್ಲಿ ಹುಷಾರಿಲ್ಲದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಕ್ರಮ ಇಲ್ಲ. ಮೇಣದ ಕಾಗದದಲ್ಲಿ ಸುತ್ತಿದ ಬ್ರೆಡ್ಡು ಅಥವಾ ರಸ್ಕು ಕೈಯಲ್ಲಿ ಇರಲೇಬೇಕು. ಬ್ರೆಡ್ಡು ಎಂದರೆ ನಮಗೆ ಕಾಯಿಲೆಯವರ ಊಟ. ನೆಂಟರು ತಂದ ಬ್ರೆಡ್ಡು ಮಂಚದ ಕೆಳಗೆ ಸಾಲಾಗಿ ಕೂತಿತ್ತು. ನಾನು ಅದನ್ನು ಹಾಲಿನಲ್ಲಿ ಅದ್ದಿ ಅದ್ದಿ ಮಗುವಿನ ಬಾಯಿಗಿಟ್ಟೆ. ಎಷ್ಟು ಅದ್ದಿದೆವೋ ಅಷ್ಟು ಸೊರಗಿತು. ಕೊನೆಗೆ ಒಬ್ಬರು ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ ನೋಡಿ, ಮಂಚದ ಕೆಳಗೆ ಕೈ ತೋರಿಸಿ ಕೇಳಿದರು, "ಇದನ್ನು ಯಾರು ತಿನ್ನುವುದು?"

"ಮಗು" ಎಂದೆವು ನಾವು, ಹೆಮ್ಮೆಯಿಂದ.

"ಇನ್ನು ಮಗುವನ್ನು ಬಿಟ್ಟು ಯಾರು ಬೇಕಾದರೂ ತಿನ್ನಿ" ಎಂದರು. ಗೋಧಿಯಲ್ಲಿ ಒಂದು ಅಂಟು ಉಂಟಂತೆ, ಗ್ಲುಟೆನ್ ಎಂದು ಅದರ ಹೆಸರು, ಅದು ಕೆಲವರ ಕರುಳಿಗೆ ಆಗಿ ಬರುವುದಿಲ್ಲವಂತೆ. ಔಷಧ ಇಲ್ಲ. ಬಿಡುವುದೇ ಔಷಧ. ಬ್ರೆಡ್ಡು, ಬಿಸ್ಕಿಟು, ರವೆ, ಮೈದಾ, ಚಪಾತಿ ಯಾವುದೂ ಕೂಡದು. ಒಂದು ಚೂರು ಸಹ.

ನನಗೆ ಇದು ದೊಡ್ಡ ಸಂಗತಿ ಎನಿಸಲಿಲ್ಲ. ಅಕ್ಕಿ ತಿನ್ನುವ ಊರು ನಮ್ಮದು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಕೋಳಿ ಮಾಡಿದ ದಿನ ಅಕ್ಕಿಯ ರೊಟ್ಟಿ. ಮಗು ಒಂದೆರಡು ತಿಂಗಳಲ್ಲಿ ತುಂಬಿಕೊಂಡಿತು. ಕೆನ್ನೆ ಬಂತು. ನಾನು ಆ ಕೆನ್ನೆಯನ್ನು ಕಚ್ಚದ ದಿನವಿಲ್ಲ.

ಮನೆಯೊಳಗೆ ಅಕ್ಕಿ ಇತ್ತು ಸರಿ. ಹೊಸ್ತಿಲು ದಾಟಿದರೆ ಗೋಧಿಯೇ. ಅಂಗಡಿಗೆ ಹೋದರೆ ಅಂಗಡಿಯವರು ಭರಣಿಯಿಂದ ಒಂದು ಬಿಸ್ಕಿಟು ತೆಗೆದು ಮಗುವಿನ ಕೈಗಿಡುತ್ತಿದ್ದರು. ಪೂಜೆಗೆ ಹೋದರೆ ಪ್ರಸಾದವೆಂದು ಸಪಾದ, ರವೆಯಲ್ಲಿ ಮಾಡುವ ಸಿಹಿ. ಬೇಡವೆಂದರೆ "ದೇವರ ಪ್ರಸಾದಕ್ಕೆ ಎಂತ ಆಗ್ತದೆ ಅಕ್ಕ" ಎಂದು ನನ್ನ ಕಣ್ಣೆದುರೇ ಬಾಯಿಗೆ ಹಾಕುವವರು ಇದ್ದರು. ಹುಟ್ಟಿದ ಹಬ್ಬಕ್ಕೆ ಕೇಕು. ಬಸ್ಸಿನಲ್ಲಿ ಪಕ್ಕ ಕೂತವಳೂ ಚೀಲದಿಂದ ಏನಾದರೂ ತೆಗೆದು ಕೊಡುವಳು. ಊರಿನವರ ಪ್ರೀತಿಯೆಲ್ಲ ಮೈದಾದಲ್ಲಿ ಮಾಡಿದ್ದು.

ಆಗ ನಾವು ಮಂಗಳೂರಿನ ಬೋಳಾರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಅಳಿಯ ಗಲ್ಫಿನಲ್ಲಿ, ವರ್ಷಕ್ಕೊಮ್ಮೆ ಬರುವವರು. ಮಗಳು ಬ್ಯಾಂಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಹಗಲು ಮನೆಯಲ್ಲಿ ನಾವಿಬ್ಬರೇ, ಅಜ್ಜಿ ಮತ್ತು ಮೊಮ್ಮಗಳು. ಗೋಡೆಯ ಆಚೆ ಬಾಯಮ್ಮನ ಮನೆ. ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಮ್ಮ ಎನ್ನುತ್ತೇವೆ, ಆಕೆ ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾಲ್ಕು ಗಂಟೆಗೆ ಆಕೆಯ ಮಕ್ಕಳು ಶಾಲೆಯಿಂದ ಬಂದು, ಯೂನಿಫಾರ್ಮಿನಲ್ಲೇ ಅಂಗಳದಲ್ಲಿ ಕೂತು ಬ್ರೆಡ್ಡಿಗೆ ಜಾಮು ಹಚ್ಚಿ ತಿನ್ನುತ್ತಿದ್ದರು. ನನ್ನ ಮೊಮ್ಮಗಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಅವಳ ಲೆಕ್ಕದಲ್ಲಿ ಶಾಲೆ ಮತ್ತು ಬ್ರೆಡ್ಡು ಒಂದೇ ಆಗಿತ್ತು. ಶಾಲೆಗೆ ಹೋಗುವವರು ಬ್ರೆಡ್ಡು ತಿನ್ನುತ್ತಾರೆ, ಬ್ರೆಡ್ಡು ತಿನ್ನುವವರು ಶಾಲೆಗೆ ಹೋಗುತ್ತಾರೆ.

ಒಂದು ದಿನ ನಾನು ಬಟ್ಟೆ ಒಗೆಯುತ್ತಿದ್ದಾಗ ಅವಳು ಗೇಟು ದಾಟಿ ಹೋಗಿ ಆ ಮಕ್ಕಳ ಜೊತೆ ಕೂತು ತಿಂದೇ ಬಂದಳು. ಬಾಯಿ ಸುತ್ತ ಕೆಂಪು ಜಾಮು. ಆ ವಾರವೆಲ್ಲ ಅವಳು ನರಳಿದ್ದನ್ನು ನಾನು ಬರೆಯುವುದಿಲ್ಲ. ತೂಕ ಇಳಿಯಿತು, ಕೆನ್ನೆ ಹೋಯಿತು.

ಮಗಳು ಗ್ರಿಲ್ಲಿನ ಬಾಗಿಲಿಗೆ ಬೀಗ ತಂದಳು. "ಅಮ್ಮ, ಹೊರಗಿನಿಂದ ಹಾಕಿ ಹೋಗ್ತೇನೆ."

"ಕೀ ನನ್ನ ಹತ್ತಿರ ಇರಲಿ" ಎಂದೆ.

"ನಿನ್ನ ಹತ್ತಿರ ಇದ್ರೆ ಅವಳ ಹತ್ತಿರ ಇದ್ದ ಹಾಗೆಯೇ. ಅವಳು ಎರಡು ಸಲ ಅಜ್ಜೀ ಅಂದ್ರೆ ನೀನು ತೆಗೆದು ಕೊಡ್ತಿ."

ಅದು ಸುಳ್ಳಲ್ಲ. ಒಂದು ಸಲಕ್ಕೇ ಕೊಡುತ್ತಿದ್ದೆ. ಕೀಯನ್ನು ಬಾಯಮ್ಮನ ಮನೆಯಲ್ಲಿಡುವುದೆಂದಾಯಿತು. ಬೆಂಕಿಯೋ ಹಾವೋ ಬಂದರೆ ಕೂಗಿದರೆ ಸಾಕು, ಬಂದು ತೆಗೆಯುತ್ತಾರೆ. ಬಾಯಮ್ಮ ಅದನ್ನು ದೇವರ ಪಟದ ಕೆಳಗಿನ ಮೊಳೆಗೆ ನೇತುಹಾಕಿದರು. "ಅಕ್ಕ, ನನ್ನನ್ನು ಜೈಲರ್ ಮಾಡಿದ್ರಲ್ಲ ನಿಮ್ಮ ಮಗಳು" ಎಂದು ಗೋಡೆಯ ಮೇಲಿಂದ ನಗುತ್ತಿದ್ದರು. ನಾನೂ ನಕ್ಕೆ. ಮೊದಲ ದಿನ ನಗು ಬರುತ್ತದೆ.

ಆಮೇಲೆ ಬೀಗ ಬಿದ್ದ ಶಬ್ದ ಕೇಳಿದಾಗೆಲ್ಲ ನನ್ನ ಎದೆಯೊಳಗೆ ಏನೋ ಮುಚ್ಚಿಕೊಳ್ಳುತ್ತಿತ್ತು. ಮಂಗಳಾದೇವಿ ದೇವಸ್ಥಾನದ ಗಂಟೆ ಕೇಳುತ್ತಿತ್ತು, ಹೋಗುವಂತಿರಲಿಲ್ಲ. ಮೀನಿನವಳು ಗ್ರಿಲ್ಲಿನ ಸಂದಿಯಿಂದ ಒಂದೊಂದೇ ಬಂಗುಡೆ ಕೊಡುತ್ತಿದ್ದಳು. ತಂಗಿಯ ಮಗನ ಮದುವೆ ನಮ್ಮದೇ ಊರಲ್ಲಿ ನಡೆಯಿತು, ನಾನು ಹೋಗಲಿಲ್ಲ. ಮಗುವನ್ನು ಕರೆದುಕೊಂಡು ಹೋದರೆ ಅಲ್ಲಿ ಎಲ್ಲರೂ ತಿನ್ನಿಸುವವರೇ, ಬಿಟ್ಟು ಹೋಗಲು ಜನವಿಲ್ಲ. ನನಗೆ ಒಂದು ಹುಚ್ಚು ಆಸೆ ಹುಟ್ಟಿತು. ಬಂದರಿಗೆ ಹೋಗಿ, ನದಿಯಾಚೆಯ ಬೆಂಗ್ರೆಯ ದೋಣಿ ಹತ್ತಿ, ಆಚೆ ಇಳಿದು, ಅದೇ ದೋಣಿಯಲ್ಲಿ ಈಚೆ ಬರಬೇಕು. ಬೆಂಗ್ರೆಯಲ್ಲಿ ನನಗೆ ಯಾರೂ ಇಲ್ಲ, ಯಾವ ಕೆಲಸವೂ ಇಲ್ಲ. ಕೆಲಸವಿಲ್ಲದ್ದಕ್ಕೇ ಹೋಗಬೇಕೆನಿಸುತ್ತಿತ್ತು.

ಆದರೆ ಒಂದು ಹೇಳಬೇಕು. ಆ ಬೀಗದೊಳಗೆ ನನ್ನ ಜೊತೆ ಇದ್ದದ್ದು ಅವಳು. ಅವಳು ನನ್ನ ಸೀರೆಯ ಸೆರಗನ್ನು ತಲೆಗೆ ಹಾಕಿ ಟೀಚರಾಗುತ್ತಿದ್ದಳು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಳು. ಮಣೆಯೇ ಬೆಂಚು. ನಾನು ಬಿಟ್ಟ ನಾಲ್ಕನೇ ಕ್ಲಾಸನ್ನು ಅವಳ ಕೈಯಲ್ಲಿ ಎಷ್ಟು ಸಲ ಫೇಲಾದೆನೋ. ನಕ್ಕು ನಕ್ಕು ಸಾಕಾಗುತ್ತಿತ್ತು. ನಗು ಮುಗಿದು ತಲೆ ಎತ್ತಿದರೆ ಮತ್ತೆ ಅದೇ ಗ್ರಿಲ್ಲು.

ಅವಳನ್ನು ಶಾಲೆಗೆ ಹಾಕುವ ವಯಸ್ಸು ಬಂದು ದಾಟಿತು. ಹೆಡ್‌ಮಿಸ್ಟ್ರೆಸ್ಸರು, "ಮಕ್ಕಳು ಒಟ್ಟಿಗೆ ಕೂತು ಹಂಚಿಕೊಂಡು ತಿನ್ನುತ್ತಾರೆ. ಯಾರು ಏನು ಕೊಟ್ಟರೆಂದು ನಾವು ಕಾಯಲಿಕ್ಕೆ ಆಗುವುದಿಲ್ಲ" ಎಂದರಂತೆ. ಒಂದು ವರ್ಷ ಹಾಗೆಯೇ ಹೋಯಿತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಳಿಯ ರಜೆಯಲ್ಲಿ ಬರುವಾಗ ಹಗ್ಗ ಕಟ್ಟಿದ ಒಂದು ದೊಡ್ಡ ಪೆಟ್ಟಿಗೆ ತಂದರು. ನಾನು ಟೀವಿ ಎಂದುಕೊಂಡೆ. ಬಿಚ್ಚಿದರೆ ಮುಚ್ಚಳವಿದ್ದ ಬಿಳಿಯ ಡಬ್ಬ, ಮುಚ್ಚಳಕ್ಕೆ ಗಾಜಿನ ಒಂದು ಕಣ್ಣು, ಒಳಗೆ ಒಂದು ಪಾತ್ರೆ, ಪಾತ್ರೆಯ ತಳದಲ್ಲಿ ಒಂದು ರೆಕ್ಕೆ. ಜಪಾನಿನದ್ದಂತೆ. ನಮ್ಮ ಕರೆಂಟು ಅದಕ್ಕೆ ಜಾಸ್ತಿಯೆಂದು, ಕರೆಂಟು ತಗ್ಗಿಸಲು ಇಟ್ಟಿಗೆಯಷ್ಟು ಭಾರದ ಇನ್ನೊಂದು ಪೆಟ್ಟಿಗೆ ಬೇರೆ.

"ಮಾಮಿ, ಇದು ಬ್ರೆಡ್ ಮಾಡುವ ಮಿಷನ್" ಎಂದರು. ಅತ್ತೆಗೆ ನಮ್ಮಲ್ಲಿ ಮಾಮಿ. "ಹಿಟ್ಟು, ನೀರು, ಈಸ್ಟ್ ಹಾಕಿ ಸ್ವಿಚ್ ಒತ್ತಿದ್ರೆ ಸಾಕು. ಅದೇ ಕಲಸ್ತದೆ, ಅದೇ ಉಬ್ಬಿಸ್ತದೆ, ಅದೇ ಬೇಯಿಸ್ತದೆ."

"ತಿನ್ನುವುದು ಮಾತ್ರ ನಾವಾ?" ಎಂದೆ.

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದರು. "ಇದರಲ್ಲಿ ಅಕ್ಕಿಯ ಬ್ರೆಡ್ ಮಾಡುವ. ಅವಳದ್ದೇ ಬ್ರೆಡ್ ಅವಳ ಟಿಫಿನ್ನಿನಲ್ಲಿ ಇದ್ರೆ ಬೇರೆಯವರದ್ದಕ್ಕೆ ಕೈ ಹಾಕುವುದಿಲ್ಲ. ಜೂನ್ ತನಕ ಹೊಟ್ಟೆ ಕೆಡದೆ ಇದ್ರೆ ಸ್ಕೂಲಿಗೆ ಹಾಕುವ. ಕೆಟ್ರೆ ಇನ್ನೊಂದು ವರ್ಷ ಮನೆಯಲ್ಲೇ."

ಅವಳು ಅಪ್ಪನ ಮುಖ ನೋಡಲಿಲ್ಲ. ಮಿಷನ್ನಿನ ಕಣ್ಣಿನೊಳಗೆ ನೋಡಿದಳು.

ಮೊದಲನೆಯ ಬ್ರೆಡ್ಡನ್ನು ಅಳಿಯನೇ ಮಾಡಿದರು, ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಓದಿ. ಗೋಧಿಯ ಬದಲು ಅಕ್ಕಿಹಿಟ್ಟು, ಉಳಿದದ್ದೆಲ್ಲ ಬರೆದ ಹಾಗೆಯೇ. ಡಬ್ಬ ನಾಲ್ಕು ಗಂಟೆ ಗುಂಯ್‌ಗುಟ್ಟಿತು. ಹೊರಗೆ ಬಂದದ್ದನ್ನು ಚೂರಿಯಿಂದ ಕೊಯ್ಯಲಾಗದೆ ಕತ್ತಿ ತಂದೆವು. ಬಾಯಮ್ಮ ಗೋಡೆಯ ಮೇಲಿಂದ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿದರು. "ಅಕ್ಕ, ಇದನ್ನು ಹೆಂಚಿನ ಕಾರ್ಖಾನೆಗೆ ಕೊಟ್ರೆ ಸೀಲು ಹಾಕಿ ಮಾರ್ತಾರೆ."

ಅಳಿಯನ ರಜೆ ಮುಗಿಯಿತು. ಮಿಷನ್ನು ನನ್ನ ತಲೆಗೆ ಬಂತು. ವಾರಕ್ಕೊಮ್ಮೆ ಮಗಳು ಕೆಲಸಕ್ಕೆ ಹೋಗುವಾಗ ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ ಅಕ್ಕಿಯ ಡಬ್ಬಿಯನ್ನು ಹಿಟ್ಟಿನ ಮಿಲ್ಲಿನಲ್ಲಿ ಕೊಟ್ಟು, ಬರುವಾಗ ಹಿಟ್ಟು ತರುತ್ತಿದ್ದಳು. ನಾನು ಒಂದು ದಿನ ನೀರು ಹೆಚ್ಚು ಹಾಕಿದೆ, ಒಂದು ದಿನ ಬಾಳೆಹಣ್ಣು ಕಿವುಚಿ ಹಾಕಿದೆ. ಬಾಯಮ್ಮನ ಮಾತು ಕೇಳಿ ಮೊಟ್ಟೆ ಹೊಡೆದು ಹಾಕಿದ ಮೇಲೆ ಸ್ವಲ್ಪ ದಾರಿಗೆ ಬಂತು. ನಡುವೆ ತಗ್ಗು, ತಳದಲ್ಲಿ ರೆಕ್ಕೆಯ ತೂತು, ಆದರೂ ಕೊಯ್ದರೆ ತುಂಡು ಬರುತ್ತಿತ್ತು.

ಮಿಷನ್ನು ನಡೆಯುವಾಗ ಮುಚ್ಚಳ ತೆಗೆಯಬಾರದು. ನಾವಿಬ್ಬರೂ ಎದುರು ಕೂತು ಗಾಜಿನಲ್ಲಿ ನೋಡುತ್ತಿದ್ದೆವು.

"ಅಜ್ಜಿ, ಅದಕ್ಕೂ ಬೀಗ ಉಂಟಾ?"

"ಇಲ್ಲ ಮಗಾ. ತೆಗೆದ್ರೆ ಕುಗ್ಗಿ ಹೋಗ್ತದೆ."

"ನಾವೂ ಕುಗ್ಗಿ ಹೋಗ್ತೇವಾ, ತೆಗೆದ್ರೆ?"

ನಾನು ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ, ಅಷ್ಟು ದೊಡ್ಡವಳನ್ನು.

ಅವಳು ಮೊದಲ ತುಂಡಿಗೆ ಜಾಮು ಹಚ್ಚಿಕೊಂಡು ಕಿಟಕಿಯಲ್ಲಿ ಕೂತು, ಬಾಯಮ್ಮನ ಮಕ್ಕಳಿಗೆ ಕಾಣುವ ಹಾಗೆ ನಿಧಾನಕ್ಕೆ ತಿಂದ ಸಂಜೆ ನನ್ನ ಕಣ್ಣಲ್ಲಿ ಈಗಲೂ ಇದೆ. ಪ್ರತಿ ತುತ್ತಿಗೂ ಕತ್ತೆತ್ತಿ ಅವರು ನೋಡುತ್ತಿದ್ದಾರೆಯೇ ಎಂದು ನೋಡುವಳು. ರಾಣಿ ತಿಂದ ಹಾಗೆ ತಿಂದಳು. ನನಗೆ ಹೊಟ್ಟೆ ತುಂಬಿತು.

ಎಪ್ರಿಲಿನಲ್ಲಿ ಅವಳ ಹೊಟ್ಟೆ ಮತ್ತೆ ಕೆಟ್ಟಿತು.

ಮೊದಲಿಗೆ ಸೆಕೆಗೆ ಎಂದುಕೊಂಡೆವು. ನಿಲ್ಲಲಿಲ್ಲ. ಹೊಟ್ಟೆ ಬಿಗಿಯಾಯಿತು, ಕೈ ಸಣ್ಣಗಾಯಿತು, ಹಳೆಯದೇ ಲಕ್ಷಣ. ಒಂದು ಸಂಜೆ ಮಗಳು ಬ್ಯಾಂಕಿನಿಂದ ಬಂದವಳು ಚೀಲವನ್ನೂ ಕೆಳಗಿಡದೆ ಕೇಳಿದಳು.

"ಅಮ್ಮ, ನಿಜ ಹೇಳು. ನೀನು ಕೊಟ್ಟದ್ದಾ, ಅವಳು ಕದ್ದದ್ದಾ?"

"ಕೀ ಬಾಯಮ್ಮನ ಮನೆಯಲ್ಲಿ ಉಂಟು. ನಾವಿಬ್ಬರೂ ಇದರೊಳಗೆ. ಗೋಧಿ ಗೋಡೆ ಹಾರಿ ಬಂತಾ?"

"ಕಿಟಕಿಯಿಂದ ಬರ್ಲಿಕ್ಕೆ ಆಗ್ತದೆ."

"ನಾನು ತಿನ್ಲಿಲ್ಲ" ಎಂದಿತು ಮಗು, ಮಲಗಿದಲ್ಲಿಂದ.

"ನೀನು ಸುಮ್ಮನಿರು" ಎಂದಳು ತಾಯಿ.

"ತಿನ್ಲಿಲ್ಲ ಅಂದ್ರೆ ತಿನ್ಲಿಲ್ಲ."

ಮಗಳು ಬಾಯಮ್ಮನ ಮನೆಯ ಕಡೆಯ ಕಿಟಕಿಯ ಬಾಗಿಲು ಮುಚ್ಚಿ ಮೊಳೆ ಹೊಡೆಸಿದಳು. ನದಿಯ ಗಾಳಿ ಬರುತ್ತಿದ್ದದ್ದು ಅದೊಂದರಿಂದಲೇ. ಮಂಗಳೂರಿನ ಎಪ್ರಿಲು, ಮುಚ್ಚಿದ ಕಿಟಕಿ, ಬೀಗ ಹಾಕಿದ ಬಾಗಿಲು, ಒಳಗೆ ಬಿಸಿ ಕಾರುವ ಆ ಡಬ್ಬ. ನನ್ನನ್ನು ಯಾರಾದರೂ ಮುಚ್ಚಳ ತೆಗೆದು ಹೊರಗೆ ಹಾಕಬಾರದೇ ಎನಿಸುತ್ತಿತ್ತು. ಅವಳು ತಿಂದಿಲ್ಲವೆಂದು ನನಗೆ ಗೊತ್ತು. ದಿನವಿಡೀ ಅವಳ ಜೊತೆ ಇದ್ದವಳು ನಾನು. ಆದರೆ ನನ್ನ ಮಾತಿಗೆ ಬೆಲೆ ಇರಲಿಲ್ಲ, ಯಾಕೆಂದರೆ ಹೊಟ್ಟೆ ಬೇರೆಯೇ ಹೇಳುತ್ತಿತ್ತು. ಜೂನು ಹತ್ತಿರ ಬರುತ್ತಿತ್ತು. ಹೊಲಿಸಿಟ್ಟ ಯೂನಿಫಾರ್ಮನ್ನು ಮಗಳು ಕಪಾಟಿನ ಮೇಲಿನ ಹಲಗೆಗೆ ಏರಿಸಿದಳು, ಮಗುವಿನ ಕೈಗೆ ಸಿಗದ ಹಾಗೆ.

ಮಗು ಗಂಜಿ ಬೇಡವೆಂದಿತು. ಹುಷಾರಿಲ್ಲದವರಿಗೆ ಏನು ಕೊಡುತ್ತಾರೆ ನಮ್ಮಲ್ಲಿ? ಬ್ರೆಡ್ಡು ತಾನೇ. ನಾನು ದಿನಾ ಮಿಷನ್ನು ಹಾಕಿ, ಮೆತ್ತಗಿನ ತುಂಡುಗಳನ್ನು ಹಾಲಿನಲ್ಲಿ ಅದ್ದಿ ತಿನ್ನಿಸಿದೆ. ಹಿಂದೆ ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ. ಇದು ನಮ್ಮದೇ ಬ್ರೆಡ್ಡು, ಅಕ್ಕಿಯದ್ದು, ನನ್ನ ಕೈಯಲ್ಲೇ ಆದದ್ದು. ಹಿಟ್ಟು ಬೇಗ ಮುಗಿಯುತ್ತಿತ್ತು.

ಒಂದು ಭಾನುವಾರ ನಮಗೆ ತಾಯಿ ಮಗಳಿಗೆ ಮಾತಿಗೆ ಮಾತು ಬೆಳೆಯಿತು. "ಈ ವರ್ಷವೂ ಇಲ್ಲ ಅಂತ ಅವಳ ಅಪ್ಪನಿಗೆ ಫೋನ್ ಮಾಡಿ ಹೇಳ್ತೇನೆ" ಎಂದಳು ಅವಳು. ನಾನು ಅಕ್ಕಿಯ ಡಬ್ಬಿ ಎತ್ತಿಕೊಂಡೆ. "ಮಿಲ್ಲಿಗೆ ನಾನು ಹೋಗ್ತೇನೆ. ಇವತ್ತು ಕಾಯುವ ಕೆಲಸ ನಿನ್ನದು" ಎಂದು ಮೆಟ್ಟಿಲಿಳಿದೆ. ಹಿಟ್ಟು ಒಂದು ನೆಪ. ನನಗೆ ಹೊರಗೆ ಬೇಕಿತ್ತು.

ಮಿಲ್ಲು ತುಂಬ ದೂರವಿಲ್ಲ. ನಾನು ದೂರ ಮಾಡಿಕೊಂಡು ಸುತ್ತಿ ಹೋದೆ. ಅಲ್ಲಿ ಡಬ್ಬಿಗಳ ಸಾಲು. ಮಿಲ್ಲಿನವನ ರೆಪ್ಪೆಯ ತನಕ ಹಿಟ್ಟು. ನನ್ನ ಮುಂದೆ ಇದ್ದ ಹೆಂಗಸಿನದ್ದು ಗೋಧಿ. ಅವಳದ್ದು ಆಯಿತು, ಅವಳು ಡಬ್ಬಿ ಎತ್ತಿಕೊಂಡಳು. ಅವನು ಮಿಷನ್ನು ನಿಲ್ಲಿಸದೆ ನನ್ನ ಅಕ್ಕಿ ಸುರಿದ. ಬಟ್ಟೆಯ ತೋಳಿನಿಂದ ನನ್ನ ಡಬ್ಬಿಗೆ ಹಿಟ್ಟು ಬೀಳತೊಡಗಿತು. ಮೊದಲು ಬಿದ್ದದ್ದು ಮಾಸಲು ಬಣ್ಣದ್ದು, ಕಂದು ಚುಕ್ಕೆ ಚುಕ್ಕೆ. ಆಮೇಲೆ ಬಿಳಿ.

"ಇದೆಂತ ಇದು? ನನ್ನದು ಬೆಳ್ತಿಗೆ ಅಕ್ಕಿ."

"ಅದು ಮುಂಚಿನವರದ್ದು ಅಜ್ಜಿ. ಒಳಗೆ ಸ್ವಲ್ಪ ನಿಲ್ತದೆ."

"ಯಾವಾಗಲೂ ಹೀಗೆಯಾ?"

"ಮತ್ತೆ? ಒಬ್ಬೊಬ್ಬರಿಗೂ ಬಿಚ್ಚಿ ತೊಳೀಲಿಕ್ಕೆ ಆಗ್ತದಾ ಮಾರಾಯ್ರೆ? ನಿಮ್ಮದು ಒಂದು ಮುಷ್ಟಿ ಒಳಗೆ ಉಳೀತದೆ, ಅವರದ್ದು ಒಂದು ಮುಷ್ಟಿ ನಿಮಗೆ ಬರ್ತದೆ. ಯಾರಿಗೂ ನಷ್ಟ ಇಲ್ಲ."

ಇದು ನನಗೆ ಗೊತ್ತಿಲ್ಲದ್ದೇ? ಮಿಲ್ಲಿಗೆ ಹೋಗಿ ಬಂದ ಎಲ್ಲರಿಗೂ ಗೊತ್ತು. ದೋಸೆಗೋ ಹಪ್ಪಳಕ್ಕೋ ಆದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಮುಂಚೆ ನಾವು ದೋಸೆಗೆ, ರೊಟ್ಟಿಗೆ ಎಲ್ಲ ಮನೆಯ ಕಲ್ಲಿನಲ್ಲೇ ಕಡೆಯುತ್ತಿದ್ದೆವು. ಮಗುವಿಗೆ ಏನೂ ಆಗಿರಲಿಲ್ಲ. ಒಣ ಹಿಟ್ಟು ಮನೆಗೆ ಬಂದದ್ದೇ ಬ್ರೆಡ್ಡಿನ ಮಿಷನ್ನಿಗಾಗಿ. ಮಗುವಿನ ಹೊಟ್ಟೆಗೆ ಗೋಧಿಯನ್ನು ವಾರ ವಾರ ನಾವೇ ಡಬ್ಬಿಯಲ್ಲಿ ಹೊತ್ತು ತಂದಿದ್ದೆವು, ಬಾಗಿಲಿಗೆ ಬೀಗ ಹಾಕಿ, ಕಿಟಕಿಗೆ ಮೊಳೆ ಹೊಡೆದು.

ಡಬ್ಬಿ ಎತ್ತಿಕೊಂಡು ನಾನು ಓಡಿದ್ದೇ ಓಡಿದ್ದು. ಆ ವಯಸ್ಸಿನಲ್ಲಿ, ಆ ಸೀರೆಯಲ್ಲಿ. ಎದುರಿಗೆ ಸಿಕ್ಕಿದವರು "ಎಂತ ಆಯ್ತು ಅಕ್ಕ?" ಎಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ನನಗೇ ಗೊತ್ತಾಗಲಿಲ್ಲ. ಅವಳು ತಿಂದಿರಲಿಲ್ಲ. ನನ್ನ ಹುಡುಗಿ ಕದ್ದಿರಲಿಲ್ಲ.

ಅರೆಯುವ ಕಪ್ಪು ಕಲ್ಲಿನ ಮೇಲೆ ಡಬ್ಬಿಯ ಹಿಟ್ಟನ್ನು ಹರಡಿದೆ. ಮಗಳು ಬಗ್ಗಿ ನೋಡಿದಳು. ಕಂದು ಚೂರುಗಳನ್ನು ಬೆರಳ ತುದಿಯಿಂದ ಒತ್ತಿ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಮಿಲ್ಲಿನವನು ಹೇಳಿದ್ದನ್ನು ನಾನು ಅವನ ದನಿಯಲ್ಲೇ ಹೇಳಿದೆ. ಅವಳು ನೆಲದಲ್ಲೇ ಕೂತುಬಿಟ್ಟಳು.

"ಪ್ರತಿ ವಾರ ಕೊಂಡುಹೋಗಿ ಕೊಟ್ಟದ್ದು ನಾನಲ್ವಾ ಅಮ್ಮ."

"ಬೇಯಿಸಿ ತಿನ್ನಿಸಿದ್ದು ನಾನು. ಈಗ ಏಳು."

ಮಗು ಚಾಪೆಯಿಂದ ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತಿತು. "ನಾನು ಹೇಳಿದೆನಲ್ಲ" ಎನ್ನಬಹುದಿತ್ತು. ಅದನ್ನು ಹೇಳಲಿಲ್ಲ. "ಹಾಗಾದ್ರೆ ಸ್ಕೂಲು?" ಎಂದಿತು.

ಮಗಳು ಮೊದಲು ಮಾಡಿದ ಕೆಲಸ ಕಿಟಕಿಯ ಮೊಳೆ ಕಿತ್ತದ್ದು. ತಾನೇ ಕಿತ್ತಳು, ಕೈ ತರಚಿಕೊಂಡಳು. ನದಿಯ ಗಾಳಿ ಒಳಗೆ ಬಂತು. ಆಚೆಯಿಂದ ಬಾಯಮ್ಮ, "ಎಂತ, ಜಾಮೀನು ಸಿಕ್ಕಿತಾ?" ಎಂದರು.

ಮಿಷನ್ನಿನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆವು. ಒಣ ಹಿಟ್ಟು ಇನ್ನು ಬೇಡ. ಬೆಳ್ತಿಗೆ ಅಕ್ಕಿ, ಸ್ವಲ್ಪ ಉದ್ದು ನೆನೆಹಾಕಿ ಮನೆಯ ಕಲ್ಲಿನಲ್ಲೇ ನುಣ್ಣಗೆ ಕಡೆದೆ. ಅಷ್ಟರಲ್ಲಿ ಅಳಿಯ ಕೊಟ್ಟುಹೋದ ಈಸ್ಟು ನಮ್ಮ ಊರಿನ ಪಸೆಗೆ ಗಟ್ಟಿಯಾಗಿ ಸತ್ತುಹೋಗಿತ್ತು. ಹಿಟ್ಟು ಉಬ್ಬದೆ ಪೆಚ್ಚಾಗಿ ಕೂತಿತು. ಬಾಯಮ್ಮ ಬಂದು ನೋಡಿದರು.

"ನಮ್ಮ ಸನ್ನ ಎಂತದ್ರಲ್ಲಿ ಉಬ್ಬುವುದು ಅಕ್ಕ? ಕಳ್ಳಿನಲ್ಲಿ." ಸನ್ನ ಎಂದರೆ ಅವರ ಹಬ್ಬದ ತಿಂಡಿ, ನಮ್ಮ ಇಡ್ಲಿಯ ಅಕ್ಕ.

"ಮಗುವಿಗೆ ಕಳ್ಳಾ?" ಎಂದಳು ಮಗಳು.

"ಬೆಂದ ಮೇಲೆ ಅಮಲು ಎಲ್ಲಿ ಉಂಟು ಮಾರಾಯ್ತಿ? ಹಾಗೆ ಅಮಲಾಗುವುದಾದ್ರೆ ನಮ್ಮ ಮಕ್ಕಳು ಕ್ರಿಸ್ಮಸಿಗೆ ರಸ್ತೆಯಲ್ಲೇ ಬಿದ್ದಿರ್ತಿದ್ರು."

ಅವರ ಪರಿಚಯದ ಮೂರ್ತೆಯವನು ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳನ್ನು ಸಣ್ಣ ಬಾಟ್ಲಿಯಲ್ಲಿ ತಂದುಕೊಟ್ಟ. ಹಿಟ್ಟಿಗೆ ಸೇರಿಸಿ, ಮಿಷನ್ನಿನ ಪಾತ್ರೆಗೆ ಹೊಯ್ದು ಸ್ವಿಚ್ಚು ಒತ್ತಿದೆ. ರೆಕ್ಕೆ ತಿರುಗಿತು. ಗಾಜಿನಲ್ಲಿ ನೋಡುತ್ತಿದ್ದೆವು, ಕರೆಂಟು ಹೋಯಿತು. ಕರೆಂಟು ಹೋದರೆ ಆ ಮಿಷನ್ನಿಗೆ ಎಲ್ಲ ಮರೆತುಹೋಗುತ್ತದೆ, ಮೊದಲಿನಿಂದ ಶುರು ಮಾಡಬೇಕು. ಮುಂಚೆ ಎಷ್ಟೋ ಬ್ರೆಡ್ಡು ಹಾಗೆಯೇ ಹಾಳಾಗಿತ್ತು. ಈ ಸಲ ಮಿಷನ್ನು ಮರೆತರೂ ಕಳ್ಳು ಮರೆಯಲಿಲ್ಲ. ಕತ್ತಲೆ ಡಬ್ಬದೊಳಗೆ ಅದರಷ್ಟಕ್ಕೆ ಉಬ್ಬುತ್ತಾ ಕೂತಿತ್ತು. ಕರೆಂಟು ಬಂದ ಮೇಲೆ ಮತ್ತೆ ಒತ್ತಿದೆ, ಬೆಂದಿತು. ತೆಗೆದರೆ ಮೇಲೆ ಬಿಳಿಚಿಕೊಂಡು, ಬದಿ ಕೆಂಪಗೆ, ಒಳಗೆಲ್ಲ ಸಣ್ಣ ಸಣ್ಣ ತೂತು. ಚೂರಿ ಇಳಿಯಿತು. ಮೂವರು ಹೆಂಗಸರು, ಒಂದು ಮಗು, ಆ ಚೂರಿ ಇಳಿದದ್ದನ್ನು ನೋಡಿ ಎಲ್ಲರೂ ಒಟ್ಟಿಗೆ ಮಾತಾಡಿದೆವು.

ಮೇ ತಿಂಗಳು ಪೂರ್ತಿ ನಾನು ದಿನಾ ಬೆಳಿಗ್ಗೆ ಅವಳ ಹೊಟ್ಟೆ ಮುಟ್ಟಿ ನೋಡಿದೆ. ಬಿಗಿ ಇಳಿಯಿತು. ಕೆನ್ನೆ ಮೆಲ್ಲಗೆ ಹಿಂದಿರುಗಿತು. ಡಾಕ್ಟರು ತೂಕ ನೋಡಿ, "ಇನ್ನೆಂತ, ಕಳಿಸಿ ಶಾಲೆಗೆ" ಎಂದರು. ಅವರ ಚೀಟಿ ನೋಡಿ ಹೆಡ್‌ಮಿಸ್ಟ್ರೆಸ್ಸರೂ ಒಪ್ಪಿದರು. ಮಗಳು ಕುರ್ಚಿ ಹತ್ತಿ ಯೂನಿಫಾರ್ಮು ಇಳಿಸಿದಳು. ಅಂಚು ಮಡಿಸಿದ್ದನ್ನು ಬಿಚ್ಚಬೇಕಾಯಿತು, ಅಷ್ಟರಲ್ಲೇ ಅವಳು ಉದ್ದವಾಗಿದ್ದಳು.

ಶಾಲೆಯ ಮೊದಲ ದಿನ ಬೆಳಿಗ್ಗೆ ಬಾಯಮ್ಮ ಬಂದು ಕೀಯನ್ನು ನನ್ನ ಕೈಯಲ್ಲಿಟ್ಟರು. "ತಗೊಳ್ಳಿ ಅಕ್ಕ, ನನ್ನ ದೇವರಿಗೂ ಸಾಕಾಗಿದೆ." ಟಿಫಿನ್ನಿನಲ್ಲಿ ಜಾಮು ಹಚ್ಚಿದ ತುಂಡುಗಳು. ಗೇಟಿನ ತನಕ ನಾನು ಅವಳಿಗೆ ಹೇಳಿದ್ದನ್ನೇ ಹೇಳಿದೆ, ಯಾರು ಕೊಟ್ಟರೂ ಬೇಡ ಅನ್ನು. "ಗೊತ್ತುಂಟು ಅಜ್ಜಿ" ಎಂದು ಕೈ ಬಿಡಿಸಿಕೊಂಡು, ಬಾಯಮ್ಮನ ಮಕ್ಕಳ ಹಿಂದೆ ಓಡಿದಳು. ಹಿಂದೆ ತಿರುಗಿ ನೋಡಲೂ ಇಲ್ಲ.

ಮಳೆ ಬಿಟ್ಟಿತ್ತು. ನಾನು ಮನೆಗೆ ಹೋಗಲಿಲ್ಲ. ನೆಟ್ಟಗೆ ಬಂದರಿಗೆ ನಡೆದೆ, ಬೆಂಗ್ರೆಯ ದೋಣಿ ಹತ್ತಿದೆ. ಬುಟ್ಟಿಯ ಹೆಂಗಸರು ಸರಿದು ಜಾಗ ಕೊಟ್ಟರು.

"ಯಾರ ಮನೆಗೆ ಅಕ್ಕ?" ಎಂದಳು ಒಬ್ಬಳು.

"ಯಾರ ಮನೆಗೂ ಇಲ್ಲ. ಸುಮ್ಮನೆ."

ಅವಳು ಪಕ್ಕದವಳನ್ನು ನೋಡಿದಳು. ನೋಡಲಿ. ನಾನು ಆಚೆ ಇಳಿದು, ಒಣಗಲು ಹಾಕಿದ್ದ ಬಲೆಯ ಪಕ್ಕ ಸ್ವಲ್ಪ ಹೊತ್ತು ನಿಂತೆ. ಗಾಳಿ ಚೆನ್ನಾಗಿತ್ತು. ಆದರೆ ಮನಸ್ಸೆಲ್ಲ ಆ ಟಿಫಿನ್ನಿನ ಮೇಲೆ. ಎಷ್ಟೊಂದು ದಿನ ಕಾದು ಬಂದ ದಡದಲ್ಲಿ ನಿಂತು, ನಾನು ಈಚೆ ದಡವನ್ನೇ ನೋಡುತ್ತಿದ್ದೆ. ಅದೇ ದೋಣಿಯಲ್ಲಿ ವಾಪಸು ಬಂದು, ಶಾಲೆ ಬಿಡುವುದಕ್ಕೆ ಎಷ್ಟೋ ಮುಂಚೆಯೇ ಗೇಟಿನಲ್ಲಿ ಹಾಜರಾದೆ.

ಅವಳು ಹೊರಗೆ ಬಂದಳು. ಕೂದಲು ಬಿಚ್ಚಿಹೋಗಿತ್ತು, ಒಂದು ಸಾಕ್ಸು ಇಳಿದಿತ್ತು. ನಾನು ಟಿಫಿನ್ನು ತೆಗೆದು ನೋಡಿದೆ. ಖಾಲಿ.

"ಯಾರಾದರೂ ಏನಾದ್ರೂ ಕೊಟ್ರಾ?"

"ಬಿಸ್ಕಿಟ್ ಕೊಟ್ರು. ನನಗೆ ಆಗುವುದಿಲ್ಲ ಅಂದೆ. ನನ್ನ ಬ್ರೆಡ್ಡು ಕೊಟ್ಟೆ."

"ತಿಂದ್ರಾ?"

"ತಿಂದ್ರು. ಇದು ಬ್ರೆಡ್ಡಲ್ಲ, ಇಡ್ಲಿ ಅಂದ್ರು."

"ನೀನೆಂತ ಹೇಳಿದಿ ಮಗಾ?"

"ಹೌದು, ಮಿಷನ್ನಿನ ಇಡ್ಲಿ ಅಂದೆ. ನಾಳೆ ಎಲ್ಲರಿಗೂ ಬೇಕಂತೆ. ಜಾಸ್ತಿ ಹಾಕು."

ಮೂಗು ಮೊದಲು ನಕ್ಕಿತು, ಆಮೇಲೆ ಬಾಯಿ. ನಾನು ರಸ್ತೆಯಲ್ಲೇ ಅವಳನ್ನು ತಬ್ಬಿಕೊಂಡೆ. "ಬಿಡು ಅಜ್ಜಿ, ಎಲ್ಲ ನೋಡ್ತಾರೆ" ಎಂದು ಅವಳು ಕೊಸರಿದಳು.

ಮನೆಗೆ ಬಂದು ನೋಡಿದರೆ ಗ್ರಿಲ್ಲು ಹಾರು ಹೊಡೆದಿತ್ತು, ಬೆಳಿಗ್ಗೆ ಬೀಗ ಹಾಕಲು ಮರೆತೇ ಹೋಗಿತ್ತು. ಕೀ ನನ್ನ ಸೊಂಟದಲ್ಲೇ ಇತ್ತು. ನಾವಿಬ್ಬರೂ ಒಳಗೆ ಹೋಗದೆ ಮೆಟ್ಟಿಲಿನ ಮೇಲೆ ಕೂತೆವು. ಅವಳು ತರಗತಿಯ ಸುದ್ದಿ ಹೇಳುತ್ತಾ ಹೋದಳು, ನಾನು ಕೇಳುತ್ತಾ ಹೋದೆ. ಕತ್ತಲಾಗುವ ಮೊದಲು ನಾನೇ ಎದ್ದು ಒಳಗೆ ಹೋದೆ. ಅಕ್ಕಿ ನೆನೆಹಾಕಬೇಕಿತ್ತು, ಜಾಸ್ತಿ.